ಅಜ್ಜಿಯ ಕಥೆಗಳೂ ಯೆಹೂದ್ಯರ ಮಕ್ಕಳ ಕಥೆಗಳೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳ ಹಳ್ಳಿಯ ಸಭೆಗಳಲ್ಲಿ ನಾವು ತಿರುಗಾಡುವಾಗ ಒಂದು ಪ್ರಶ್ನೆಯು ಆಗಾಗ್ಗೆ ನಮ್ಮ ಮುಂದೆ ಬರುವದುಂಟು. ಕ್ರೈಸ್ತರ ಮನೆಯಲ್ಲಿ ಅಜ್ಜಿಯು ಮೊಮ್ಮಕ್ಕಳಿಗೆ ನರಿ, ಮಂಗ, ಮೊಸಳೆ, ಮೂಢ ಶಿಷ್ಯರು ಇವರ ಕಥೆಗಳನ್ನು ಹೇಳಬಹುದೋ, ಹೇಳಬಾರದೋ? ಕೆಲವರು, ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ೪ನೆಯ ಅಧ್ಯಾಯವನ್ನು ತೆರೆದು, ಅಲ್ಲಿ ಅಜ್ಜೀಕಥೆಗಳನ್ನು ಬಿಡಬೇಕೆಂದು ಸ್ಪಷ್ಟವಾಗಿ ಬರೆದದೆಯಲ್ಲಾ ಎಂದು ವಾದಿಸುವರು. ಇದರಿಂದ ಕೆಲವು ಮನೆಗಳಲ್ಲಿ ಮುದುಕಿಯು ತನ್ನ ತಾಯಿಂದ ಕಲಿತದ್ದನ್ನೆಲ್ಲಾ ಬಾಯೊಳಗೇ ಇಟ್ಟುಕೊಂಡು ಸುಮ್ಮನೆ ಕೂತಿರುವಳು. ಮಕ್ಕಳಾದರೋ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಬೇರೊಂದು ಮೂಲೆಯಲ್ಲಿ ಕೂತಿರುವರು.

ಈ ಪ್ರಶ್ನೆಗೆ ಉತ್ತರ ಹುಡುಕುವದಕ್ಕೆ ನಾವು ಯೆಹೂದ್ಯರ ಮನೆಗಳ ಕಡೆಗೆ ನೋಡುವದು ಒಳ್ಳೇದು. ಯಾಕಂದರೆ ಧರ್ಮಶಾಸ್ತ್ರವನ್ನೂ ಪ್ರವಾದನೆಗಳನ್ನೂ ಕಾಪಾಡಿ ನಮ್ಮ ಕೈಗೆ ಮುಟ್ಟಿಸಿದ ಆ ಜನರು ತಮ್ಮ ಮಕ್ಕಳಿಗೆ ಎಂಥ ಕಥೆಗಳನ್ನು ಹೇಳಿದರೆಂಬದನ್ನು ತಿಳಿದುಕೊಂಡರೆ, ನಮ್ಮ ಸಂದೇಹವು ಬಹಳ ಮಟ್ಟಿಗೆ ತೀರುವದು.

೧. ಸತ್ಯವೇದದೊಳಗಿನ ಕಥೆಗಳು

ಮೊದಲು ನ್ಯಾಯಸ್ಥಾಪಕರ ೯ನೆಯ ಅಧ್ಯಾಯವನ್ನು ಓದಿರಿ. ಅಬೀಮೆಲೆಕನು ತನ್ನ ಸಹೋದರರನ್ನು ಕೊಂದು ಅರಸನಾದಾಗ, ತಪ್ಪಿಸಿಕೊಂಡ ಯೋತಾಮನು ಗುಡ್ಡದ ಮೇಲೆ ನಿಂತು ಶೆಕೆಮಿನವರಿಗೆ ಹೇಳಿದ್ದು ಏನು? ಮರಗಳು ತಮಗೊಬ್ಬ ಅರಸನನ್ನು ಹುಡುಕಿದ ಕಥೆಯನ್ನೇ. ಎಣ್ಣೇಮರವೂ ಅಂಜೂರವೂ ದ್ರಾಕ್ಷೇಬಳ್ಳಿಯೂ ಒಲ್ಲೆವೆಂದವು. ಕಡೆಗೆ ಯಾರಿಗೂ ನೆರಳು ಕೊಡಲಾರದ ಮುಳ್ಳಿನ ಗಿಡವು ಒಪ್ಪಿಕೊಂಡಿತು. ಮರಗಳು ಮಾತಾಡುವದಿಲ್ಲವೆಂಬದು ಯೋತಾಮನಿಗೆ ತಿಳಿಯದೆ ಇತ್ತೋ? ಹಾಗಲ್ಲ. ನೇರವಾಗಿ ಹೇಳಿದರೆ ಕಿವಿ ಮುಚ್ಚಿಕೊಳ್ಳುವವರಿಗೆ ಅವನು ಕಥೆಯ ದಾರಿಯಿಂದ ಸತ್ಯವನ್ನು ಹೇಳಿದನು. ಹಾಗೆಯೇ ಎರಡನೆಯ ಸಮುವೇಲನ ೧೨ನೆಯ ಅಧ್ಯಾಯದಲ್ಲಿ ನಾತಾನನು ದಾವೀದನ ಮುಂದೆ ಬಡವನ ಒಂದೇ ಒಂದು ಕುರಿಮರಿಯ ಕಥೆಯನ್ನು ಹೇಳಿ, ಅರಸನ ಬಾಯಿಂದಲೇ ಅರಸನಿಗೆ ತೀರ್ಪು ಹೊರಡುವಂತೆ ಮಾಡಿದನು.

ಹೀಗಿರಲಾಗಿ ಪೌಲನು ನಿಷೇಧಿಸಿದ್ದು ಕಥೆ ಹೇಳುವದನ್ನಲ್ಲ. ಕಟ್ಟುಕಥೆಗಳನ್ನು ದೇವರ ಉಪದೇಶವೆಂದು ಸಭೆಯಲ್ಲಿ ಬೋಧಿಸಿ ಜನರನ್ನು ತಪ್ಪುದಾರಿಗೆ ಎಳೆಯುವದನ್ನು ಅವನು ನಿಷೇಧಿಸಿದನೆಂದು ಆ ಪತ್ರಿಕೆಯನ್ನು ಆದಿಯಿಂದ ಓದಿದವರಿಗೆ ಕಂಡುಬರುವದು. ಕಥೆಯನ್ನು ಕಥೆಯೆಂದೇ ಹೇಳಿದರೆ ಯಾರಿಗೂ ಮೋಸವಾಗುವದಿಲ್ಲ.

೨. ಇಬ್ಬರು ತಾಯಂದಿರು, ಒಂದು ಕೂಸು

ಅರಸುಗಳ ಮೊದಲನೆಯ ಪುಸ್ತಕದ ೩ನೆಯ ಅಧ್ಯಾಯದಲ್ಲಿ ಸೊಲೊಮೋನನ ತೀರ್ಪನ್ನು ನಾವೆಲ್ಲರೂ ಬಲ್ಲೆವು. ಕೂಸನ್ನು ಕತ್ತಿಯಿಂದ ಎರಡು ಮಾಡಿರೆಂದಾಗ ಹೆತ್ತ ತಾಯಿಯು ಕೂಸನ್ನೇ ಬಿಟ್ಟುಕೊಟ್ಟಳು. ಇದಕ್ಕೆ ಜೊತೆಯಾಗುವ ಕಥೆಯು ಬೌದ್ಧರ ಜಾತಕಗಳೊಳಗೆ, ಮಹೋಸಧನೆಂಬ ಜ್ಞಾನಿಯ ಚರಿತ್ರೆಯಲ್ಲಿ ಇರುತ್ತದೆ. ಒಬ್ಬ ತಾಯಿಯ ಕೂಸನ್ನು ಯಕ್ಷಿಣಿಯೊಬ್ಬಳು ಎತ್ತಿಕೊಂಡು ಹೋಗಿ ತನ್ನದೇ ಎಂದು ಜಗಳಾಡಲು, ಮಹೋಸಧನು ನೆಲದ ಮೇಲೆ ಒಂದು ಗೆರೆಯನ್ನು ಎಳೆದು, ಕೂಸನ್ನು ಅದರ ಮೇಲೆ ಮಲಗಿಸಿ, ಒಬ್ಬಳು ಕೈ ಹಿಡಿಯಲಿ, ಒಬ್ಬಳು ಕಾಲು ಹಿಡಿಯಲಿ, ಎಳೆದುಕೊಂಡವಳಿಗೇ ಕೂಸು ಎಂದನು. ಎಳೆಯುತ್ತಲೇ ಕೂಸು ನೋವಿನಿಂದ ಅತ್ತಿತು. ತಾಯಿಯು ತಟ್ಟನೆ ಕೈಬಿಟ್ಟು ನಿಂತು ಅಳತೊಡಗಿದಳು. ಬಿಟ್ಟವಳೇ ತಾಯಿಯೆಂದು ತೀರ್ಪಾಯಿತು. ಚೀನ ದೇಶದಲ್ಲಿಯೂ ಸುಣ್ಣದ ಗೆರೆಯ ವರ್ತುಲದೊಳಗೆ ಕೂಸನ್ನು ನಿಲ್ಲಿಸಿ ಎಳೆಯಿಸುವ ಒಂದು ಹಳೇ ನಾಟಕವು ಉಂಟು.

ಯೆರೂಸಲೇಮಿನಲ್ಲಿ ಕತ್ತಿ, ಭರತಖಂಡದಲ್ಲಿ ನೆಲದ ಗೆರೆ, ಚೀನದಲ್ಲಿ ಸುಣ್ಣದ ವರ್ತುಲ. ಆದರೂ ತಾಯಿಯ ಕರುಳು ಎಲ್ಲೆಲ್ಲಿಯೂ ಒಂದೇ. ಇಂಥ ಕಥೆಯನ್ನು ನಮ್ಮ ನೆರೆಯವರ ಬಾಯಿಂದ ಕೇಳಿದಾಗ ಅದು ಅನ್ಯರದೆಂದು ಮುಖ ತಿರುಗಿಸುವದಕ್ಕೆ ಕಾರಣವಿಲ್ಲ.

೩. ಮನೆಯಲ್ಲಿ ಬಿಟ್ಟುಬಂದ ಗುಂಡಿಗೆ

ಮಂಗ ಮತ್ತು ಮೊಸಳೆಯ ಕಥೆಯನ್ನು ಕೇಳದ ಮಗುವು ನಮ್ಮ ಸೀಮೆಯಲ್ಲಿ ಅಪರೂಪ. ಮೊಸಳೆಯ ಹೆಂಡತಿಯು ಮಂಗನ ಗುಂಡಿಗೆಯನ್ನು ಬಯಸಲು, ಮೊಸಳೆಯು ಗೆಳೆಯನಾದ ಮಂಗನನ್ನು ಬೆನ್ನಿನ ಮೇಲೆ ಕೂಡ್ರಿಸಿಕೊಂಡು ನಡುನೀರಿಗೆ ಒಯ್ದು ಸಂಗತಿಯನ್ನು ಹೇಳಿತು. ಮಂಗನು, ಅಯ್ಯೋ, ಮೊದಲೇ ಹೇಳಬಾರದಾಗಿತ್ತೇ, ಗುಂಡಿಗೆಯನ್ನು ಮರದ ಮೇಲೆಯೇ ಬಿಟ್ಟುಬಂದೆನಲ್ಲಾ ಎಂದು ದಡಕ್ಕೆ ತಿರುಗಿಸಿಕೊಂಡು ಬಂದು ಮರವೇರಿಬಿಟ್ಟಿತು. ಇದು ಪಂಚತಂತ್ರದಲ್ಲಿಯೂ ಜಾತಕದಲ್ಲಿಯೂ ಇರುತ್ತದೆ.

ಸುಮಾರು ಸಾವಿರ ವರುಷಗಳ ಹಿಂದೆ ಯೆಹೂದ್ಯರಲ್ಲಿ 'ಬೆನ್ ಸೀರನ ಅಕ್ಷರಮಾಲೆ' ಎಂಬ ಪುಸ್ತಕವು ಪ್ರಚಾರದಲ್ಲಿತ್ತು. ಅದರಲ್ಲಿ ಈ ಕಥೆಯೇ ಬೇರೆ ವೇಷದಲ್ಲಿ ಬರುವದು. ಸಮುದ್ರದ ಅರಸನಾದ ಲಿವ್ಯಾತಾನನು ನರಿಯು ಎಲ್ಲಾ ಪ್ರಾಣಿಗಳಿಗಿಂತ ಜಾಣನೆಂದು ಕೇಳಿ, ಅದರ ಗುಂಡಿಗೆಯನ್ನು ತಿಂದರೆ ಆ ಜಾಣತನವು ತನಗೆ ಬರುವದೆಂದು ಮೀನುಗಳನ್ನು ಕಳುಹಿಸಿದನು. ಮೀನುಗಳು ನರಿಗೆ ದೊಡ್ಡ ಪದವಿಯ ಆಶೆ ತೋರಿಸಿ ನೀರಿನ ಮೇಲೆ ಹೊತ್ತುಕೊಂಡು ಹೋದವು. ನಡುವೆ ನಿಜವು ತಿಳಿದಾಗ ನರಿಯು, ನಮ್ಮಲ್ಲಿ ಗುಂಡಿಗೆಯನ್ನು ಮನೆಯಲ್ಲಿಟ್ಟು ತಿರುಗಾಡುವ ಪದ್ಧತಿಯುಂಟು, ಬೇಕಾದಾಗ ಮಾತ್ರ ತರುತ್ತೇವೆ ಎಂದಿತು. ಮೀನುಗಳು ನಂಬಿ ತಿರುಗಿ ದಡಕ್ಕೆ ಬಿಟ್ಟವು. ನರಿಯು ದಡವೇರಿ ಕುಣಿದು, ಗುಂಡಿಗೆಯಿಲ್ಲದೆ ಬದುಕುವ ಪ್ರಾಣಿಯುಂಟೇ ಎಂದು ನಕ್ಕಿತು.

ಮಂಗನು ನರಿಯಾದನು, ಮೊಸಳೆಯು ಲಿವ್ಯಾತಾನನಾಯಿತು; ಕಥೆಯ ಎಲುಬು ಒಂದೇ. ಕಥೆಗಳು ಹೀಗೆ ದೇಶದಿಂದ ದೇಶಕ್ಕೆ ನಡೆದ ದಾರಿಯಲ್ಲಿ ಒಂದು ದಾರಿಯು ನಮಗೆ ಚೆನ್ನಾಗಿ ತಿಳಿದಿದೆ. ಪಂಚತಂತ್ರವು ಆರನೆಯ ಶತಮಾನದಲ್ಲಿ ಪಾರಸಿಯ ಅರಸನಾದ ಅನುಶಿರವಾನನ ಕಾಲದಲ್ಲಿ ಪಹ್ಲವಿ ಭಾಷೆಗೆ ಹೋಯಿತು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನು ಅದನ್ನು ಅರಬ್ಬಿಯಲ್ಲಿ ಬರೆದನು. ಆ ಅರಬ್ಬಿಯಿಂದ ರಬ್ಬಿ ಯೋವೇಲನೆಂಬವನದೆಂದು ಹೇಳುವ ಇಬ್ರಿಯ ಭಾಷಾಂತರವು ಹುಟ್ಟಿತು. ಕಾಪುವದ ಯೋಹಾನನೆಂಬವನು, ಯೆಹೂದ್ಯನಾಗಿ ಹುಟ್ಟಿ ಕ್ರೈಸ್ತನಾದವನು, ಹದಿಮೂರನೆಯ ಶತಮಾನದಲ್ಲಿ ಆ ಇಬ್ರಿಯವನ್ನು ಲತೀನಿಗೆ ತಿರುಗಿಸಿದನು. ಅಲ್ಲಿಂದ ಅದು ಯೂರೋಪಿನ ಭಾಷೆಗಳಿಗೆ ಹರಡಿ ೧೫೭೦ರಲ್ಲಿ ಇಂಗ್ಲಿಷಿಗೂ ಬಂತು. ಕನ್ನಡದಲ್ಲಾದರೋ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೩೧ರಲ್ಲಿ, ದುರ್ಗಸಿಂಹನು ಪಂಚತಂತ್ರವನ್ನು ಬರೆದಿದ್ದನು. ಯೆಹೂದ್ಯನ ಕೈ ನಡುವೆ ಇಲ್ಲದಿದ್ದರೆ ನಮ್ಮ ದೇಶದ ಆ ಕಥೆಗಳು ಪಶ್ಚಿಮದವರಿಗೆ ಈ ದಾರಿಯಿಂದ ಮುಟ್ಟುತ್ತಿರಲಿಲ್ಲ. ೧೮೯೨ರಲ್ಲಿಯೂ ಇಂಗ್ಲಿಷ್ ಮಕ್ಕಳಿಗಾಗಿ ಭಾರತದ ಕಥೆಗಳನ್ನು ಕೂಡಿಸಿ ಪುಸ್ತಕ ಮಾಡಿದ ಜೋಸೆಫ್ ಜೇಕಬ್ಸ್ ಎಂಬ ಪಂಡಿತನು ಯೆಹೂದ್ಯನೇ.

೪. ನೀರು ಬಿಟ್ಟು ಬಾ ಎಂದವನು

ಎರಡನೆಯ ಶತಮಾನದಲ್ಲಿ ರೋಮಾಪುರದವರು ಧರ್ಮಶಾಸ್ತ್ರವನ್ನು ಕಲಿಸಬಾರದೆಂದು ಯೆಹೂದ್ಯರಿಗೆ ಅಪ್ಪಣೆ ಮಾಡಿದ್ದರು. ಆದಾಗ್ಯೂ ರಬ್ಬಿ ಅಕೀವನು ಕೂಟಗಳನ್ನು ಕೂಡಿಸಿ ಕಲಿಸುತ್ತಿದ್ದನು. ನಿನಗೆ ಭಯವಿಲ್ಲವೋ ಎಂದು ಕೇಳಿದವನಿಗೆ ಅವನು ಒಂದು ಕಥೆಯನ್ನು ಹೇಳಿದನೆಂದು ತಲ್ಮೂದಿನಲ್ಲಿ ಬರೆದದೆ. ನದಿಯಲ್ಲಿ ಮೀನುಗಳು ಬಲೆಗೆ ಹೆದರಿ ಅತ್ತಿತ್ತ ಓಡುತ್ತಿದ್ದವು. ನರಿಯು ದಡದಲ್ಲಿ ನಿಂತು, ಮೇಲೆ ಬನ್ನಿರಿ, ನಾವು ಕೂಡಿ ಬಾಳುವೆವು ಎಂದಿತು. ಮೀನುಗಳು, ನಮ್ಮ ಜೀವವಿರುವ ನೀರಿನಲ್ಲಿಯೇ ಇಷ್ಟು ಭಯವಿದ್ದರೆ, ನಾವು ಸಾಯುವ ಒಣ ನೆಲದಲ್ಲಿ ಎಷ್ಟು ಭಯವಿರಬೇಕು ಎಂದು ಉತ್ತರ ಕೊಟ್ಟವು. ಅಕೀವನು ಆ ನೀರನ್ನು ಬಿಡಲಿಲ್ಲ. ಅದಕ್ಕಾಗಿ ರೋಮಾಪುರದವರು ಅವನನ್ನು ಹಿಂಸಿಸಿ ಕೊಂದರು.

ನಮ್ಮ ಪಂಚತಂತ್ರದ ಕೊಕ್ಕರೆಯ ಕಥೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಮುದಿ ಕೊಕ್ಕರೆಯು, ಈ ಕೆರೆಯು ಬತ್ತುವದು, ನಿಮ್ಮನ್ನು ಬೇರೆ ಕೆರೆಗೆ ಒಯ್ಯುವೆನು ಎಂದು ಮೀನುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ತಿಂದಿತು. ಕಡೆಗೆ ಏಡಿಯು ಅದರ ಕುತ್ತಿಗೆಯನ್ನು ಕತ್ತರಿಸಿತು. ಅಲ್ಲಿ ಮೀನುಗಳು ನಂಬಿ ಸತ್ತವು, ಇಲ್ಲಿ ನಂಬದೆ ಉಳಿದವು. ಒಂದು ಕಥೆಯು ಮೋಸಗಾರನ ಗುರುತನ್ನು ಕಲಿಸುವದು. ಇನ್ನೊಂದು, ಕಷ್ಟ ಬಂದಾಗ ಜೀವದ ಆಧಾರವನ್ನೇ ಬಿಟ್ಟು ಓಡಬಾರದೆಂದು ಕಲಿಸುವದು. ಎರಡನ್ನೂ ಒಂದೇ ಸಂಜೆ ಹೇಳಿದರೆ ಮಕ್ಕಳೇ ಭೇದವನ್ನು ಹಿಡಿಯುವರು. ಸಾಲದವನು, ದೂರದ ಊರಲ್ಲಿ ಕೆಲಸ ಕೊಡಿಸುವೆನೆನ್ನುವವನು, ಇಂಥವರು ನಮ್ಮ ಬಾಗಿಲಿಗೆ ಬಂದಾಗ ಅವರು ಕೊಕ್ಕರೆಯೋ ಅಲ್ಲವೋ ಎಂದು ನೋಡುವ ಕಣ್ಣು ಮನೆಯಲ್ಲಿ ಒಬ್ಬರಿಗಾದರೂ ಇರಬೇಕಲ್ಲವೇ?

೫. ಮೂಢರೂ ಕಳ್ಳರೂ

ಪೋಲೆಂಡಿನಲ್ಲಿ ಖೆಲ್ಮ್ ಎಂಬ ಊರುಂಟು. ಅಲ್ಲಿಯವರೆಲ್ಲರೂ ಮೂಢರೆಂದು ಯೆಹೂದ್ಯರು ನಕ್ಕು ಹೇಳುವ ಕಥೆಗಳು ಅನೇಕ. ಅವರು ಅಮಾವಾಸ್ಯೆಯ ಕತ್ತಲೆಗೆ ಉಪಾಯವೆಂದು, ಬೆಳದಿಂಗಳ ರಾತ್ರಿ ನೀರಿನ ಪೀಪಾಯಿಯಲ್ಲಿ ಚಂದ್ರನು ಕಂಡೊಡನೆ ಬಾಯಿಗೆ ಗೋಣಿ ಕಟ್ಟಿ ಮುದ್ರೆ ಹಾಕಿಟ್ಟರು. ಕತ್ತಲೆಯ ದಿನ ಬಿಚ್ಚಿ ನೋಡಿದರೆ ಚಂದ್ರನಿಲ್ಲ. ಕಳವಾಯಿತೆಂದು ಊರೆಲ್ಲಾ ಅತ್ತಿತು. ನಮ್ಮ ಕಡೆ ಇದಕ್ಕೆ ಜೊತೆಯಾದವರು ಪರಮಾರ್ಥ ಗುರುವಿನ ಶಿಷ್ಯರು. ಹೊಳೆ ದಾಟಿದ ಮೇಲೆ ಎಣಿಸುವವನು ತನ್ನನ್ನು ಬಿಟ್ಟು ಉಳಿದವರನ್ನು ಎಣಿಸಿ, ಒಬ್ಬನು ನೀರುಪಾಲಾದನೆಂದು ಎಲ್ಲರೂ ಅಳಲು, ದಾರಿಹೋಕನು ಒಬ್ಬೊಬ್ಬನ ಬೆನ್ನಿಗೂ ಒಂದೊಂದು ಏಟು ಕೊಟ್ಟು ಲೆಕ್ಕ ತುಂಬಿಸಿದನು. ಈ ಕಥೆಗಳನ್ನು ಹದಿನೆಂಟನೆಯ ಶತಮಾನದಲ್ಲಿ ತಮಿಳಿನಲ್ಲಿ ಬರೆದಿಟ್ಟವನು ಬೆಸ್ಕಿ ಎಂಬ ಇಟಾಲಿಯದ ಮಿಶನೆರಿ. ತರುವಾಯ ಅವು ಕನ್ನಡಕ್ಕೂ ಬಂದವು. ಮಲಪ್ರಭೆಯನ್ನು ದಾಟಿ ಬಲ್ಲ ನಮ್ಮ ಮಕ್ಕಳಿಗೆ ಈ ಕಥೆಯ ಹೊಳೆಯು ತಮ್ಮ ಹೊಳೆಯೇ ಎಂದು ತೋರುವದು. ಇತರರ ತಪ್ಪುಗಳನ್ನೆಲ್ಲಾ ಎಣಿಸಿ ತನ್ನದನ್ನು ಮಾತ್ರ ಮರೆಯುವವನಿಗೂ ಈ ಲೆಕ್ಕವು ಸಲ್ಲುವದು.

ಇನ್ನೊಂದು ಜೋಡಿಯನ್ನು ನೋಡಿರಿ. ಕಳ್ಳನು ಯಾರೆಂದು ತಿಳಿಯದೆ ಜನರು ಕೂಡಿದ್ದಾಗ ಒಬ್ಬ ಜಾಣನು, ಅಗೋ, ಕಳ್ಳನ ಟೊಪ್ಪಿಗೆಗೆ ಬೆಂಕಿ ಹತ್ತಿತು ಎಂದು ಕೂಗಿದನು; ಕಳ್ಳನು ಸರಕ್ಕನೆ ತನ್ನ ತಲೆ ಮುಟ್ಟಿಕೊಂಡನು. ಕಳ್ಳನ ತಲೆಯ ಮೇಲೆ ಟೊಪ್ಪಿಗೆ ಉರಿಯುವದೆಂಬ ಗಾದೆಯು ಯೆಹೂದ್ಯರಲ್ಲಿ ಇಂದಿಗೂ ನಡೆಯುತ್ತದೆ. ನಮ್ಮವರು ಏನನ್ನುವರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರಿಗೆ ಟೊಪ್ಪಿಗೆ, ನಮಗೆ ಕುಂಬಳಕಾಯಿಯ ಬೂದಿ. ಒಳಗಿನ ಮನಸ್ಸಾಕ್ಷಿ ಒಂದೇ. ಮನುಷ್ಯನ ಹೃದಯದಲ್ಲಿ ನ್ಯಾಯವು ಬರೆಯಲ್ಪಟ್ಟಿದೆ ಎಂಬದಕ್ಕೆ ಮಕ್ಕಳಿಗೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ಬೇಕೇ?

೬. ಬಾಗಿಲಿಗೆ ಬಂದ ಪರದೇಶಿ

ಯೆಹೂದ್ಯರ ಮಕ್ಕಳಿಗೆ ಎಲ್ಲರಿಗಿಂತ ಪ್ರಿಯನಾದವನು ಪ್ರವಾದಿಯಾದ ಎಲೀಯನು. ಚಾರೆಪ್ತದ ವಿಧವೆಯ ಮನೆಯಲ್ಲಿ ಹಿಟ್ಟೂ ಎಣ್ಣೆಯೂ ತೀರದಂತೆ ಮಾಡಿದವನು ಈಗಲೂ ಬಡವನ ವೇಷದಲ್ಲಿ ಭೂಮಿಯ ಮೇಲೆ ತಿರುಗಾಡುತ್ತಾನೆಂದು ಅವರ ಕಥೆಗಳು ಹೇಳುವವು. ಪಸ್ಕಹಬ್ಬದ ರಾತ್ರಿ ಅವನಿಗೆಂದು ಒಂದು ಪಾತ್ರೆ ದ್ರಾಕ್ಷಾರಸವನ್ನಿಟ್ಟು ಬಾಗಿಲನ್ನು ತೆರೆಯುವರು. ಒಂದು ಕಥೆಯಲ್ಲಿ ಹೆಂಡತಿಮಕ್ಕಳಿಗೆ ಅನ್ನವಿಲ್ಲದ ಬಡವನೊಬ್ಬನಿಗೆ ಎಲೀಯನು ಎದುರಾಗಿ, ನನ್ನನ್ನು ದಾಸನೆಂದು ಮಾರಿ ಹಣವನ್ನು ತೆಗೆದುಕೋ ಎಂದನು. ಕೊಂಡುಕೊಂಡವನು ಅರಮನೆ ಕಟ್ಟಬೇಕೆನ್ನಲು, ಎಲೀಯನು ದೇವರಿಗೆ ಪ್ರಾರ್ಥಿಸಿದನು. ಒಂದೇ ರಾತ್ರಿಯಲ್ಲಿ ಅರಮನೆಯು ನಿಂತಿತು, ಅವನು ಕಾಣದೆ ಹೋದನು.

ಈ ಎಲೀಯನು ನಮ್ಮಿಂದ ಬಹು ದೂರದವನಲ್ಲ. ಕೊಂಕಣ ತೀರದ ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಹಿಂದೆ ಗಾಣದ ಕೆಲಸ ಮಾಡುತ್ತಿದ್ದು, ಶನಿವಾರ ಗಾಣ ನಿಲ್ಲಿಸುತ್ತಿದ್ದದರಿಂದ ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಅಲಿಬಾಗದ ಹತ್ತಿರದ ಖಂಡಾಳೆಯಲ್ಲಿ ಬಂಡೆಯ ಮೇಲಿರುವ ಗುರುತುಗಳನ್ನು ಅವರು ಎಲೀಯನ ರಥದ ಗುರುತುಗಳೆಂದು ತೋರಿಸುವರು. ೧೯೪೮ರ ತರುವಾಯ ಅವರಲ್ಲಿ ಹೆಚ್ಚಿನವರು ಇಸ್ರಾಯೇಲ ದೇಶಕ್ಕೆ ಹೋದರು. ಅಲ್ಲಿಯೂ ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನಕಾಯಿ, ಹಣ್ಣುಗಳನ್ನು ಕೂಡಿಸಿದ ಮಲಿದಾ ಮಾಡುವ ಪದ್ಧತಿಯನ್ನು ಬಿಡಲಿಲ್ಲ.

ನಮ್ಮ ನೆರೆಹೊರೆಯವರ ಕಥೆಗಳಲ್ಲಿ ಶಿವನು ಜಂಗಮನಾಗಿಯೋ ಮುದಿ ಭಿಕ್ಷುಕನಾಗಿಯೋ ಬಂದು ಮನೆಯವರ ಮನಸ್ಸನ್ನು ಪರೀಕ್ಷಿಸುವನು. ನಂಬಿಕೆಯಲ್ಲಿ ನಮಗೂ ಅವರಿಗೂ ಭೇದವಿರುವದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಾಗಿಲಿಗೆ ಬಂದವನನ್ನು ಹಗುರಾಗಿ ನೋಡಬೇಡ ಎಂಬ ಬುದ್ಧಿಯು ಅಲ್ಲಿಯೂ ಇಲ್ಲಿಯೂ ಒಂದೇ. ತಿಳಿಯದೆ ದೇವದೂತರನ್ನು ಉಪಚರಿಸಿದವರುಂಟೆಂದು ಇಬ್ರಿಯರ ಪತ್ರಿಕೆಯೂ ನಮಗೆ ನೆನಪು ಮಾಡುವದು.

೭. ಕಥೆಯೊಳಗೆ ವಿಷವೂ ಇರಬಹುದು

ಹಾಗಾದರೆ ಎಲ್ಲಾ ಕಥೆಗಳೂ ಒಳ್ಳೆಯವೋ? ಅಲ್ಲ. ಜರ್ಮನಿಯ ಗ್ರಿಮ್ಮ್ ಸಹೋದರರು ಕೂಡಿಸಿದ ಮಕ್ಕಳ ಕಥೆಗಳಲ್ಲಿ, ೧೮೧೫ರ ಸಂಪುಟದೊಳಗೆ, ಮುಳ್ಳಿನ ಪೊದೆಯಲ್ಲಿ ಯೆಹೂದ್ಯನೊಬ್ಬನನ್ನು ಪಿಟೀಲಿನ ಮಾಯದಿಂದ ಕುಣಿಸಿ, ಕಡೆಗೆ ಗಲ್ಲಿಗೇರಿಸುವ ಕಥೆಯುಂಟು. ಕ್ರೈಸ್ತರ ಮನೆಗಳಲ್ಲಿ ಮಕ್ಕಳು ಅದನ್ನು ಕೇಳಿ ನಕ್ಕರು. ಯೆಹೂದ್ಯನೆಂದರೆ ಮೋಸಗಾರನು, ಅವನ ನೋವು ನಗುವ ವಿಷಯ ಎಂಬದನ್ನು ಅವರು ತಾಯಿಯ ತೊಡೆಯ ಮೇಲೆ ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಆಡಳಿತವು ಸುಮಾರು ಅರವತ್ತು ಲಕ್ಷ ಯೆಹೂದ್ಯರನ್ನು ಕೊಂದಿತು. ಚಂದ್ರನನ್ನು ಪೀಪಾಯಿಯಲ್ಲಿಟ್ಟ ಖೆಲ್ಮಿನ ಯೆಹೂದ್ಯರಲ್ಲಿಯೂ ಬಹುಪಾಲು ಜನರು, ಮುದುಕರೂ ಮಕ್ಕಳೂ, ಆಗ ಹತರಾದರು. ಒಂದು ಕಥೆಯಿಂದಲೇ ಇದೆಲ್ಲಾ ಆಯಿತೆಂದು ನಾವು ಹೇಳುವದಿಲ್ಲ. ಆದರೆ ದ್ವೇಷದ ಬೀಜವು ಇಂಥ ಕಥೆಗಳ ಮಣ್ಣಿನಲ್ಲಿ ಬಹುಕಾಲ ಬೆಚ್ಚಗೆ ಇತ್ತು.

ಆದಕಾರಣ ನಮ್ಮ ಮನೆಯ ಕಥೆಗಳನ್ನು ಮೊರದಲ್ಲಿ ಕೇರಿ ನೋಡೋಣ. ಒಂದು ಜಾತಿಯವರೆಲ್ಲರೂ ಕಳ್ಳರು, ಇನ್ನೊಂದು ಜಾತಿಯವರೆಲ್ಲರೂ ಹೊಲಸರು, ಕುರುಡನೂ ಕುಂಟನೂ ನಗಾಡತಕ್ಕವರು, ಮಲತಾಯಿಯು ಎಂದಿಗೂ ರಾಕ್ಷಸಿಯೇ ಎಂಬ ಕಥೆಗಳು ನಮ್ಮಲ್ಲಿಯೂ ಇವೆ. ನಮ್ಮ ಹಿರಿಯರಲ್ಲಿ ಅನೇಕರು ಅಂಥ ಮಾತುಗಳ ಪೆಟ್ಟನ್ನು ತಿಂದವರೇ. ಪೆಟ್ಟು ತಿಂದವನು ಅದೇ ಕೋಲನ್ನು ತನ್ನ ಮಕ್ಕಳ ಕೈಗೆ ಕೊಡಬಾರದು. ತನ್ನನ್ನು ನೋಡಿ ನಗುವದನ್ನು ಕಲಿಸುವ ಕಥೆಯು ಉಳಿಯಲಿ. ನೆರೆಯವನನ್ನು ತುಳಿಯುವದನ್ನು ಕಲಿಸುವ ಕಥೆಯು ಹೊಟ್ಟಿನೊಂದಿಗೆ ಹಾರಿಹೋಗಲಿ.

೮. ಹೇಳದೆ ಉಳಿದ ಕಥೆ

೧೯೫೫ರಲ್ಲಿ ದೋವ್ ನೋಯ್ ಎಂಬ ಯೆಹೂದ್ಯ ಪಂಡಿತರು ಇಸ್ರಾಯೇಲ ದೇಶದ ಹೈಫಾ ಪಟ್ಟಣದಲ್ಲಿ ಕಥೆಗಳ ಭಂಡಾರವನ್ನು ಸ್ಥಾಪಿಸಿದರು. ನಾನಾ ದೇಶಗಳಿಂದ ಬಂದ ಮುದುಕ ಮುದುಕಿಯರ ಬಾಯಿಂದ ಬರೆದುಕೊಂಡ ಕಥೆಗಳು ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಾಗಿ ಕೂಡಿರುತ್ತವೆ. ಅದೇ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಉಪಾಧ್ಯಾಯರಾಗಿದ್ದ ಎ. ಕೆ. ರಾಮಾನುಜನ್ ಅವರು ಕನ್ನಡದ ಅಜ್ಜಿಯರ ಕಥೆಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅವರು ೧೯೯೩ರಲ್ಲಿ ತೀರಿಕೊಂಡ ಮೇಲೆ ಆ ಕನ್ನಡ ಕಥೆಗಳು ೧೯೯೭ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರಟವು.

ಅವರು ಕೂಡಿಸಿದ ಕನ್ನಡ ಕಥೆಗಳಲ್ಲಿ ಒಂದರ ಸಾರವು ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಆದರೆ ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆಯು ಬಾಗಿಲ ಹೊರಗೆ ಜೋಡಾಯಿತು, ಹಾಡು ಗೂಟಕ್ಕೆ ತೂಗುವ ಅಂಗಿಯಾಯಿತು. ಗಂಡನು ಬಂದು ಪರಪುರುಷನದೆಂದು ಸಂಶಯಪಟ್ಟು ಜಗಳಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದನು. ರಾತ್ರಿ ಊರ ದೀಪಗಳೆಲ್ಲಾ ಆರಿದ ಮೇಲೆ ಅವುಗಳ ಕುಡಿಗಳು ಅಲ್ಲಿ ಕೂಡಿ ಮಾತಾಡುತ್ತಾ ನಡೆದ ಸಂಗತಿಯನ್ನು ಹೇಳಿದವು. ಅವನು ಸಂಶಯ ತೀರಿ ಮನೆಗೆ ಬಂದು ಹೆಂಡತಿಯನ್ನು ಕೇಳಿದನು. ಆದರೆ ಅವಳು, ಯಾವ ಕಥೆ, ಯಾವ ಹಾಡು ಎಂದಳು, ಎರಡನ್ನೂ ಮರೆತುಬಿಟ್ಟಿದ್ದಳು.

ಪ್ರಿಯರೇ, ಮೂಲೆಯಲ್ಲಿ ಸುಮ್ಮನೆ ಕೂತ ನಮ್ಮ ಮುದುಕಿಯರು ಇನ್ನೂ ಮರೆತಿಲ್ಲ. ಆದರೆ ಕೇಳುವವರಿಲ್ಲದೆ ಇನ್ನು ಹತ್ತು ವರುಷ ಕಳೆದರೆ ಯಾವ ಕಥೆ ಎಂದು ಕೇಳುವ ಕಾಲವು ಬರುವದು. ಆದಕಾರಣ ಸಂಜೆಯ ಪ್ರಾರ್ಥನೆಯಾದ ಮೇಲೆ ಕಾಲು ಗಳಿಗೆ ಅವರ ಹತ್ತಿರ ಕೂತುಕೊಳ್ಳಿರಿ. ಬರೆಯಬಲ್ಲ ಮಕ್ಕಳು ಬರೆದುಕೊಳ್ಳಲಿ. ವೇದದ ಚರಿತ್ರೆಯನ್ನು ವೇದವೆಂದೂ ಅಜ್ಜಿಯ ಕಥೆಯನ್ನು ಕಥೆಯೆಂದೂ ಹೇಳಿರಿ. ಎರಡಕ್ಕೂ ಮನೆಯಲ್ಲಿ ಸ್ಥಳವುಂಟು.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಾತಾನನು ದಾವೀದನಿಗೆ ನೇರವಾಗಿ ಹೇಳದೆ ಕಥೆಯನ್ನು ಯಾಕೆ ಹೇಳಿದನು?
೨. ಅಕೀವನ ಮೀನುಗಳಿಗೂ ಪಂಚತಂತ್ರದ ಮೀನುಗಳಿಗೂ ಇರುವ ಭೇದವೇನು?
೩. ನಮ್ಮ ಮನೆಯಲ್ಲಿ ಹೇಳುವ ಯಾವ ಕಥೆಯನ್ನು ಬಿಡಬೇಕು? ಯಾಕೆ?
೪. ನಮ್ಮ ಅಜ್ಜಿಗೆ ಮಾತ್ರ ಗೊತ್ತಿರುವ ಕಥೆಯು ಯಾವದು? ಅದನ್ನು ನಾವು ಕಡೆಯದಾಗಿ ಕೇಳಿದ್ದು ಯಾವಾಗ?